ಸ್ಟ್ಯಾಂಡಪ್‌ನಿಂದ ನಟನೆ, ಬರವಣಿಗೆ ಕಡೆಗೆ: ಇರುವ ಕೆಲಸ ಬಿಡಬೇಕಾ?

ಡೊಂಬಿವಲಿ_ಲೋಕಲ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಿದೆ, ದಯವಿಟ್ಟು ಪೂರ್ತಿ ಓದಿ.

ನನಗೆ 27 ವರ್ಷ. ಹುಟ್ಟಿ ಬೆಳೆದದ್ದು ಡೊಂಬಿವಲಿ, ಊರು ಕುಂದಾಪುರದ ಕಡೆ. ಐರೋಲಿಯಲ್ಲಿ ಒಂದು ಕಂಪನಿಯ ಬ್ಯಾಕ್ ಆಫೀಸಿನಲ್ಲಿ ಕೆಲಸ. ಕೈಗೆ ಬರುವುದು ತಿಂಗಳಿಗೆ 46,000.

ಮೂರು ವರ್ಷದಿಂದ ಸ್ಟ್ಯಾಂಡಪ್, ಅಂದ್ರೆ ಒಬ್ಬನೇ ಮೈಕ್ ಹಿಡಿದು ಜನರನ್ನು ನಗಿಸುವುದು, ಮಾಡುತ್ತಿದ್ದೇನೆ. ವಾರಕ್ಕೆ ಮೂರು ದಿನ ಆಫೀಸ್ ಮುಗಿಸಿ ಅಂಧೇರಿ, ಖಾರ್, ಲೋವರ್ ಪರೇಲ್ ಕಡೆ ಓಪನ್ ಮೈಕ್‌ಗೆ (ಹೊಸಬರೂ ಹೆಸರು ಕೊಟ್ಟು ಸ್ಟೇಜ್ ಹತ್ತುವ ಶೋ) ಹೋಗುತ್ತೇನೆ. ಕೆಲವು ಕಡೆ ನಾವೇ 200 ರೂಪಾಯಿ ಕೊಟ್ಟು ಹತ್ತಬೇಕು. ನಾಲ್ಕು ನಿಮಿಷ ಸಿಗುತ್ತದೆ. ಮುಗಿಸಿ ದಾದರ್‌ಗೆ ಓಡಿ, ಕೊನೆಯ ಲೋಕಲ್ ಹಿಡಿದು, ಮನೆ ಸೇರುವಾಗ ಒಂದೂವರೆ. ಹಿಂದಿಯಲ್ಲಿ ಈಗ ಗಟ್ಟಿಯಾಗಿ 12 ನಿಮಿಷದಷ್ಟು ಜೋಕು ಇದೆ. ಕನ್ನಡದಲ್ಲಿ 20 ನಿಮಿಷ. ಕನ್ನಡದ್ದನ್ನು ಸಂಘಗಳ ವಾರ್ಷಿಕೋತ್ಸವ, ಗಣಪತಿ ಪೆಂಡಾಲ್ ಇಂಥ ಕಡೆ ಮಾಡುತ್ತೇನೆ. ಅಲ್ಲಿ ಅಜ್ಜಿಯರು, ಮಕ್ಕಳು ಎಲ್ಲ ಕೂತಿರುತ್ತಾರೆ. ನಿಜ ಹೇಳಬೇಕು ಅಂದ್ರೆ ನನಗೆ ಜಾಸ್ತಿ ಖುಷಿ ಆಗುವುದು ಅಲ್ಲೇ.

ಹೋದ ತಿಂಗಳು ಒಂದು ಮೈಕ್ ಮುಗಿದ ಮೇಲೆ ಒಬ್ಬರು ಬಂದು ಮಾತಾಡಿಸಿದರು. ಒಂದು ವೆಬ್ ಸೀರೀಸ್ ತಂಡದವರು. ಕತೆ ಒಂದು ಉಡುಪಿ ಹೋಟೆಲಿನ ಸುತ್ತ ನಡೆಯುತ್ತದೆಯಂತೆ. ಅವರ ರೈಟರ್ಸ್ ರೂಮಿನಲ್ಲಿ (ಬರಹಗಾರರೆಲ್ಲ ಒಟ್ಟಿಗೆ ಕೂತು ಕತೆ ಬರೆಯುವ ಜಾಗ) ಸಹಾಯಕನಾಗಿ ಆರು ತಿಂಗಳು ಕೆಲಸ, ತಿಂಗಳಿಗೆ 28,000. ಜೊತೆಗೆ ಕ್ಯಾಶಿಯರ್ ಪಾತ್ರ, ನಾಲ್ಕು ಸೀನ್. ವರ್ಸೋವಾದಲ್ಲಿ ಬೆಳಿಗ್ಗೆ 11ರಿಂದ ಸಂಜೆ 7ರವರೆಗೆ ಕೂರಬೇಕು. ಅಂದ್ರೆ ಈಗಿನ ಕೆಲಸ ಇಟ್ಟುಕೊಳ್ಳೋಕೆ ಆಗಲ್ಲ.

ಮನೆಯ ಪರಿಸ್ಥಿತಿ ಹೀಗಿದೆ. ಅಪ್ಪ ಕ್ಯಾಂಟೀನ್ ಕೆಲಸದಿಂದ ನಿವೃತ್ತರು. ತಂಗಿ ನರ್ಸಿಂಗ್ ಕೊನೆಯ ವರ್ಷ. ಮನೆ ಸಾಲದ ಕಂತು 17,000. ಅಮ್ಮನ ಹತ್ತಿರ ಹೇಳಿದೆ. ಅಮ್ಮ ಕೇಳಿದ್ದು ಒಂದೇ ಮಾತು: "ನೀನ್ ನೆಗಾಡ್ಸ್ತೆ, ಖರೆ. ತಿಂಗ್ಳ್ ತಿಂಗ್ಳ್ ದುಡ್ಡ್ ಯಾರ್ ಕೊಡ್ತ್ರ್?"

ಸ್ಟ್ಯಾಂಡಪ್‌ನಿಂದ ಶುರು ಮಾಡಿ ನಟರು, ಬರಹಗಾರರು ಆದವರ ದಾರಿ ನಿಜವಾಗಿ ಹೇಗಿರುತ್ತದೆ? ಈ ಥರ ಅವಕಾಶ ಬಂದಾಗ ಹಿಡಿಯಬೇಕಾ, ಇನ್ನೂ ಎರಡು ವರ್ಷ ಸ್ಟೇಜ್ ಮೇಲೆ ಗಟ್ಟಿಯಾಗಬೇಕಾ? ಇನ್ನೊಂದು ವಿಷಯ. ಅವರು ಕಳಿಸಿದ ಅಗ್ರಿಮೆಂಟಿನಲ್ಲಿ "ರೂಮಿನಲ್ಲಿ ಹೇಳಿದ, ಬರೆದ ಎಲ್ಲವೂ ಸಂಸ್ಥೆಗೆ ಸೇರಿದ್ದು" ಅಂತ ಒಂದು ಸಾಲಿದೆ. ಹೆಸರು ಹಾಕುವ ವಿಚಾರ "ಮುಂದೆ ತೀರ್ಮಾನ" ಅಂತಿದೆ. ಇದೆಲ್ಲ ಮಾಮೂಲಾ? ತಿಂಗಳ ಕೊನೆಗೆ ಉತ್ತರ ಕೊಡಬೇಕು. ಈ ಲೈನಿನಲ್ಲಿ ಇರುವವರು ಯಾರಾದರೂ ಹೇಳಿ.

---

ಸಾಯನ್_ಸರ್ಕಲ್

ತಮ್ಮಾ, ನಾನು ಈ ಲೈನಿನವನಲ್ಲ. ಬ್ಯಾಂಕಿನಲ್ಲಿದ್ದು ನಿವೃತ್ತನಾದವನು. ಆದರೆ ನಮ್ಮ ಪಕ್ಕದಲ್ಲೇ ಬೆಳೆದ ಒಬ್ಬರ ಕತೆ ಹೇಳಬೇಕು ಅನ್ನಿಸಿತು.

ಹಿಂದಿ ಸಿನಿಮಾದ ಹಾಸ್ಯನಟ ಜಾನಿ ಲಿವರ್. ಹುಟ್ಟಿದ್ದು ಆಂಧ್ರದ ಕನಿಗಿರಿಯಲ್ಲಿ, ಬೆಳೆದದ್ದು ಧಾರಾವಿ, ಕಿಂಗ್ಸ್ ಸರ್ಕಲ್ ಕಡೆ. ಮನೆಯ ಬಡತನಕ್ಕೆ ಏಳನೇ ಕ್ಲಾಸಿಗೇ ಶಾಲೆ ನಿಂತಿತು. ಹೀರೋಗಳ ದನಿ ತೆಗೆದು, ಡ್ಯಾನ್ಸ್ ಮಾಡಿ, ರಸ್ತೆಯಲ್ಲಿ ಪೆನ್ನು ಮಾರಿದರು. ಆಮೇಲೆ ಅಪ್ಪ ಇದ್ದ ಹಿಂದೂಸ್ತಾನ್ ಲಿವರ್ ಫ್ಯಾಕ್ಟರಿಗೇ ಕೆಲಸಕ್ಕೆ ಸೇರಿದರು. ಅಲ್ಲಿ ಒಂದು ಕಾರ್ಯಕ್ರಮದಲ್ಲಿ ಮೇಲಿನ ಅಧಿಕಾರಿಗಳನ್ನೇ ಅನುಕರಿಸಿ ತೋರಿಸಿದರು. ಅವತ್ತಿನಿಂದ ಜೊತೆಯ ಕೆಲಸಗಾರರು ಕಂಪನಿ ಹೆಸರನ್ನೇ ಸೇರಿಸಿ ಜಾನಿ ಲಿವರ್ ಅಂತ ಕರೆದರು.

ಗಮನಿಸಬೇಕಾದ್ದು ಏನಂದ್ರೆ, ಅವರು ಫ್ಯಾಕ್ಟರಿ ಬಿಟ್ಟದ್ದು 1981ರಲ್ಲಿ. ಅಷ್ಟರಲ್ಲಿ ಸ್ಟೇಜ್ ಶೋಗಳಿಂದ ಚೆನ್ನಾಗಿ ದುಡ್ಡು ಬರುತ್ತಿತ್ತು. ಶೋಗಳಿಗೆ ಹೋಗಿ ಹೋಗಿ ಕೆಲಸಕ್ಕೆ ರಜೆ ಜಾಸ್ತಿ ಆಗುತ್ತಿತ್ತು. ಆಗ ಬಿಟ್ಟರು. ಸುನಿಲ್ ದತ್ ಅವರ 'ದರ್ದ್ ಕಾ ರಿಶ್ತಾ' ಬಂದದ್ದು 1982ರಲ್ಲಿ. ಇಡೀ ದೇಶ ಗುರುತಿಸುವ ಹಾಗಾಗಿದ್ದು 'ಬಾಜಿಗರ್‌'ನಿಂದ, ಅದು 1993. ಫ್ಯಾಕ್ಟರಿ ಬಿಟ್ಟ ಮೇಲೆ ಹನ್ನೆರಡು ವರ್ಷ. ಆ ವರ್ಷಗಳಲ್ಲಿ ಮನೆ ನಡೆಸಿದ್ದು ಸ್ಟೇಜೇ.

ನಿನ್ನ ಸ್ಟೇಜ್ ಈಗ ತಿಂಗಳಿಗೆ ಎಷ್ಟು ಕೊಡುತ್ತಿದೆ? ಅದನ್ನು ನೀನು ಬರೆದೇ ಇಲ್ಲ. ಕಂತು ಕಟ್ಟುವಷ್ಟೂ ಬರದಿದ್ದರೆ ದಯವಿಟ್ಟು ತಾಳು. ತಂಗಿಯ ಓದು ಮುಗಿಯಲಿ.

---

ಪುಣೆ_ಪಯಣಿಗ

ಹಿರಿಯರ ಮಾತಿಗೆ ಗೌರವ ಇದೆ. ಆದರೆ ನಾನು ಬೇರೆ ಥರ ಯೋಚಿಸುತ್ತೇನೆ.

ಹಿಂದಿಯಲ್ಲಿ ಹಾಡು, ಚಿತ್ರಕತೆ ಬರೆಯುವ ವರುಣ್ ಗ್ರೋವರ್ ಬನಾರಸ್‌ನಲ್ಲಿ ಸಿವಿಲ್ ಎಂಜಿನಿಯರಿಂಗ್ ಮುಗಿಸಿ 2003ರಲ್ಲಿ ಇಲ್ಲೇ ಪುಣೆಗೆ ಬಂದು ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ್ದರು. ಸುಮಾರು ಒಂದು ವರ್ಷದಲ್ಲೇ ಬಿಟ್ಟರು. 2004ರಲ್ಲಿ ಬರೆಯಬೇಕು ಅಂತಲೇ ಮುಂಬೈಗೆ ಹೋದರು. ಮೊದಲು ಸಿಕ್ಕಿದ್ದು ಟೀವಿ ಕಾಮಿಡಿ ಶೋಗೆ ಬರೆಯುವ ಕೆಲಸ. ಸ್ಟ್ಯಾಂಡಪ್, ಹಾಡು, ಚಿತ್ರಕತೆ ಎಲ್ಲ ಆಮೇಲೆ ಒಂದರ ಜೊತೆ ಒಂದು ಬೆಳೆದವು. 2015ರಲ್ಲಿ ಅವರು ಬರೆದ 'ಮಸಾನ್' ಕಾನ್ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಪಡೆಯಿತು. ಅದೇ ವರ್ಷದ 'ದಮ್ ಲಗಾ ಕೆ ಹೈಶಾ' ಹಾಡಿಗೆ ರಾಷ್ಟ್ರಪ್ರಶಸ್ತಿ ಬಂತು. ಕೆಲಸ ಇಟ್ಟುಕೊಂಡು ಶನಿವಾರ ಭಾನುವಾರ ಮಾತ್ರ ಬರೆದಿದ್ದರೆ ಇದು ಆಗುತ್ತಿತ್ತಾ? ನನಗೆ ನಂಬಿಕೆ ಇಲ್ಲ.

ನಾನು ಇದನ್ನು ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ನನಗೂ 26ನೇ ವಯಸ್ಸಿಗೆ ಒಂದು ನಾಟಕ ತಂಡ ಕರೆದಿತ್ತು. ಹಿಂಜವಡಿಯಲ್ಲಿ ಕೆಲಸ ಹೊಸತು, ಬೇಡ ಅಂದೆ. ಈಗ 41. ಆ ತಂಡದ ಪೋಸ್ಟರ್ ಕಂಡ ದಿನ ರಾತ್ರಿ ನಿದ್ದೆ ಬರುವುದಿಲ್ಲ.

ರೈಟರ್ಸ್ ರೂಮ್ ಅನ್ನೋದು ಎಲ್ಲರಿಗೂ ತೆರೆಯುವ ಬಾಗಿಲಲ್ಲ. ಸಂಬಳ ಕಡಿಮೆ, ನಿಜ. ಆದರೆ ಕಲಿಯುವಾಗ ಫೀಸು ಕಟ್ಟುವ ಬದಲು ಅವರೇ ನಿಮಗೆ ದುಡ್ಡು ಕೊಡುತ್ತಿದ್ದಾರೆ ಅಲ್ವಾ? ಹೋಗಿ.

---

ಮಾಟುಂಗಾ_ಅಕ್ಕ

ನಾನು ಈ ಲೈನಿನಲ್ಲೇ ಇದ್ದೇನೆ. 46 ವರ್ಷ. ಸ್ಟೇಜಿನಿಂದ ಶುರು ಮಾಡಿ, ಟೀವಿಗೆ ಬರೆದು, ಈಗ ಬರೆಯುವುದು ಮತ್ತು ನಟಿಸುವುದು ಎರಡರಲ್ಲೂ ಮನೆ ನಡೆಸುತ್ತಿದ್ದೇನೆ. ನಿಧಾನವಾಗಿ ಬರೆಯುತ್ತೇನೆ. ನಿಮ್ಮ ಪ್ರಶ್ನೆ ಓದಿದಾಗಿನಿಂದ ಬೇರೆ ಕೆಲಸದ ಮೇಲೆ ಮನಸ್ಸು ಹೋಗುತ್ತಿಲ್ಲ.

ನಮ್ಮಪ್ಪ ಕಿಂಗ್ಸ್ ಸರ್ಕಲ್‌ನ ಒಂದು ಹೋಟೆಲಿನಲ್ಲಿ ಸಪ್ಲೈಯರ್. ಹಳೆಯ ಹೋಟೆಲುಗಳಲ್ಲಿ ಗಿರಾಕಿ ತಿಂದು ಎದ್ದ ಕೂಡಲೇ ಸಪ್ಲೈಯರ್ ಅಲ್ಲಿಂದಲೇ ಗಲ್ಲಾಕ್ಕೆ ಕೂಗಿ ಹೇಳುತ್ತಿದ್ದರು. "ಮುಂದೆ ಬರುವವರು ಹದಿನೆಂಟೂ, ಹಿಂದೆ ಟೋಪಿಯವರು ಮೂವತ್ತೆರಡೂ!" ಅದಕ್ಕೊಂದು ರಾಗ ಇತ್ತು. ಕೊನೆಯ ಅಕ್ಷರ ಎಳೆಯಬೇಕು. ಅಪ್ಪ ಮನೆಯಲ್ಲೂ ಅದೇ ರಾಗದಲ್ಲಿ ಮಾತಾಡುತ್ತಿದ್ದರು. ಲೈಟ್ ಬಿಲ್ ಬಂದರೆ ಬಾಗಿಲಲ್ಲೇ ನಿಂತು ಅಡುಗೆಮನೆ ಕಡೆ ಕೂಗುತ್ತಿದ್ದರು. ನಾನು ಶಾಲೆಯಲ್ಲಿ, ಆಮೇಲೆ ಮೈಸೂರು ಅಸೋಸಿಯೇಷನ್ ಸ್ಟೇಜ್ ಮೇಲೆ ಮಾಡಿದ ಮೊದಲ ಕಾಮಿಡಿಯೇ ಅದು. ಜನ ಬಿದ್ದು ಬಿದ್ದು ನಕ್ಕರು. ಅರ್ಧ ಸಭಾಂಗಣ ಹೋಟೆಲಿನವರೇ.

2005ರಲ್ಲಿ ಟೀವಿಯಲ್ಲಿ 'ದಿ ಗ್ರೇಟ್ ಇಂಡಿಯನ್ ಲಾಫ್ಟರ್ ಚಾಲೆಂಜ್' ಬಂತು. ಸುನಿಲ್ ಪಾಲ್ ಗೆದ್ದರು, ರಾಜು ಶ್ರೀವಾಸ್ತವ್ ಮನೆಮಾತಾದರು. ಅದಾದ ಮೇಲೆ ಎಲ್ಲ ಚಾನೆಲ್ಲಿಗೂ ಕಾಮಿಡಿ ಬೇಕಾಯಿತು. ಆ ಅಲೆಯಲ್ಲಿ ನನಗೂ ಬರೆಯುವ ಕೆಲಸ ಸಿಕ್ಕಿತು. ಆಗ ನಾನು ಒಂದು ಡೆಂಟಲ್ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಮೊದಲ ವರ್ಷ ಕ್ಲಿನಿಕ್ ಬಿಡಲಿಲ್ಲ. ಯಾಕಂದ್ರೆ ಬಿಡುವ ಹಾಗಿರಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಎಲ್ಲರೂ "ಸ್ಟ್ಯಾಂಡಪ್‌ನಿಂದ ನಟನೆಗೆ ಹೋದರು" ಅಂತಾರೆ. ನಾನು ಕಂಡದ್ದು ಬೇರೆ. ಸ್ಟೇಜಿನಿಂದ ನೇರವಾಗಿ ಕ್ಯಾಮೆರಾಗೆ ಹೋಗುವ ದಾರಿ ಬಹಳ ಕಿರಿದು. ಬರವಣಿಗೆ ಅನ್ನುವ ಸೇತುವೆ ಮೇಲೆ ದಾಟಿದವರೇ ಜಾಸ್ತಿ. ಸ್ಟ್ಯಾಂಡಪ್ ಮಾಡುವ ಸುಮುಖಿ ಸುರೇಶ್ ನೋಡಿ. 2017ರ ವೆಬ್ ಸೀರೀಸ್ 'ಪುಷ್ಪವಲ್ಲಿ' ಅವರೇ ಕಟ್ಟಿದ್ದು, ಅವರೇ ಬರೆದದ್ದು, ಅವರೇ ಮುಖ್ಯ ಪಾತ್ರ. ಆ ಹುಡುಗಿಯ ಪಾತ್ರವನ್ನು ಬೇರೆ ಯಾರೂ ಅವರಿಗಾಗಿ ಬರೆದುಕೊಡುತ್ತಿರಲಿಲ್ಲ. ನಮ್ಮ ದಾನಿಶ್ ಸೇಠ್ ರೇಡಿಯೋ, ಸಣ್ಣ ವಿಡಿಯೋಗಳಲ್ಲಿ ಬೆಳೆಸಿದ ನೋಗ್‌ರಾಜ್ ಅನ್ನುವ ರಾಜಕಾರಣಿ ಪಾತ್ರವನ್ನೇ 2018ರಲ್ಲಿ ಸಿನಿಮಾ ಮಾಡಿದರು, ಬರವಣಿಗೆಯಲ್ಲೂ ಕೈ ಇತ್ತು. ಇದೇನು ಹೊಸದಲ್ಲ. ಮಾಸ್ಟರ್ ಹಿರಣ್ಣಯ್ಯನವರು 'ಲಂಚಾವತಾರ'ದ ನಡುವೆ ನಿಂತು ಅವತ್ತಿನ ಪೇಪರಿನ ಸುದ್ದಿ ಹಿಡಿದು ಮಾತಾಡುತ್ತಿದ್ದರಲ್ಲ, ಅದು ಸ್ಟ್ಯಾಂಡಪ್ ಅಲ್ಲದೆ ಮತ್ತೇನು? ನಟ, ಬರಹಗಾರ, ಮಾತುಗಾರ ಒಬ್ಬನೇ ಆಗಿರುವುದು ಕನ್ನಡಕ್ಕೆ ಮೊದಲಿನಿಂದ ಗೊತ್ತು.

ಹಾಗಾಗಿ ನಿಮಗೆ ಬಂದಿರುವ ಎರಡು ಕೆಲಸದಲ್ಲಿ ದೊಡ್ಡದು ಕ್ಯಾಶಿಯರ್ ಪಾತ್ರ ಅಲ್ಲ. ರೂಮು.

ರೂಮಿನಲ್ಲಿ ಏನು ಕಲಿಯುತ್ತೀರಿ ಅಂತ ನನ್ನದೇ ಉದಾಹರಣೆ ಕೊಡುತ್ತೇನೆ. ಅಪ್ಪನ ಬಿಲ್ಲಿನ ರಾಗವನ್ನು ನಾನು ಒಂದು ಎಪಿಸೋಡಿಗೆ ತಂದೆ. ಸ್ಟೇಜಿನಲ್ಲಿ ಹೇಳುವ ಹಾಗೇ ಬರೆದೆ. ಮಗಳು ಗೆಳತಿಗೆ ಹೇಳುತ್ತಾಳೆ, "ನಮ್ಮಪ್ಪ ಹೀಗೆ ಕೂಗ್ತಾರೆ" ಅಂತ. ಹೆಡ್ ರೈಟರ್ ಓದಿ ಕಾಗದ ವಾಪಸ್ ಕೊಟ್ಟರು. "ಇದನ್ನು ಹೇಳಬೇಡ. ಅಪ್ಪನನ್ನು ಕರ್ಕೊಂಡು ಬಾ" ಅಂದರು. ಮೂರು ಸಲ ಬರೆದೆ. ಕೊನೆಗೆ ಸೀನ್ ಹೀಗಾಯಿತು. ಅಪ್ಪ ನಿವೃತ್ತನಾದ ಮರುದಿನ. ಮನೆಯಲ್ಲಿ ಸುಮ್ನೆ ಕೂತಿದ್ದಾನೆ. ಬಾಗಿಲ ಕೆಳಗಿನಿಂದ ಲೈಟ್ ಬಿಲ್ ಒಳಗೆ ಬರುತ್ತದೆ. ಎತ್ತಿಕೊಂಡು ನೋಡುತ್ತಾನೆ. ಎದ್ದು ನಿಂತು, ಹೆಗಲ ಮೇಲೆ ಟವೆಲ್ ಸರಿಮಾಡಿಕೊಂಡು, ಹಳೇ ರಾಗದಲ್ಲಿ ಕೂಗುತ್ತಾನೆ. "ಒಂಬೈನೂರಾ ನಲವತ್ತೂ!" ಅಡುಗೆಮನೆಯಲ್ಲಿ ಹೆಂಡತಿ ಡಬ್ಬಿಯಿಂದ ದುಡ್ಡು ತೆಗೆದು ಎಣಿಸುತ್ತಾಳೆ. ಅಷ್ಟೇ. ಮಗಳ ಮಾತು ಒಂದೂ ಇಲ್ಲ. ಸ್ಟೇಜಿನಲ್ಲಿ ನಗು ಬರಿಸುತ್ತಿದ್ದ ಅದೇ ರಾಗ ಇಲ್ಲಿ ನೋಡುವವರ ಗಂಟಲು ಹಿಡಿಯಿತು. ಇದನ್ನು ಕಲಿಯೋಕೆ ನನಗೆ ಆ ರೂಮ್ ಬೇಕಾಯಿತು. ಓಪನ್ ಮೈಕ್‌ನಲ್ಲಿ ಹತ್ತು ವರ್ಷ ನಿಂತಿದ್ದರೂ ಬರುತ್ತಿರಲಿಲ್ಲ.

ಅದೇ ರೀತಿ ಕ್ಯಾಮೆರಾ ಮುಂದೆಯೂ ಒಂದು ಬೇರೆ ಪಾಠ ಇದೆ. ನನ್ನ ಮೊದಲ ಪಾತ್ರ ಗೋರೆಗಾಂವ್ ಫಿಲ್ಮ್ ಸಿಟಿಯಲ್ಲಿ. ಮದುವೆಮನೆಯ ಚಿಕ್ಕಮ್ಮ. ನನ್ನ ಸಾಲು ಹೇಳಿದೆ. ಹೇಳಿ ನಿಂತೆ. ಸ್ಟೇಜಿನ ಅಭ್ಯಾಸ, ನಗು ಬರಲಿ ಅಂತ ಜಾಗ ಬಿಡುತ್ತೇವಲ್ಲ, ಹಾಗೆ. ಏನೂ ಬರಲಿಲ್ಲ. ನಲವತ್ತು ಜನ ಇದ್ದಾರೆ, ಒಂದು ಸದ್ದಿಲ್ಲ. ಎದುರಿನ ನಟನಿಗೆ ನಾನು ಸಾಲು ಮರೆತೆನೇನೋ ಅನ್ನಿಸಿತು. ಕಟ್. ಮತ್ತೆ ಮಾಡಿದೆ, ಮತ್ತೆ ನಿಂತೆ. ಮತ್ತೆ ಕಟ್. ಕೈ ತಣ್ಣಗಾಯಿತು. ನೀರು ತಂದುಕೊಟ್ಟ ಸ್ಪಾಟ್ ಹುಡುಗ ನಮ್ಮ ಕಡೆಯವನು. ಲೋಟ ಕೊಡುತ್ತಾ ಮೆಲ್ಲಗೆ ಹೇಳಿದ, "ಅಕ್ಕ, ನೆಗಿ ಬರ್ಲಿಲ್ಲ ಅಂದೇಳಿ ಅಲ್ಲ. ಸೌಂಡ್ ಬತ್ತ್ ಅಂದೇಳಿ ನಾವ್ ನೆಗಾಡುದಿಲ್ಲ." ತಿರುಗಿ ನೋಡಿದೆ. ಲೈಟ್‌ನವರು ಇಬ್ಬರು ಕರ್ಚೀಫ್ ಬಾಯಿಗೆ ಒತ್ತಿಕೊಂಡಿದ್ದರು. ಸಿಂಕ್ ಸೌಂಡ್, ಅಲ್ಲಿ ಆಡಿದ ಮಾತೇ ರೆಕಾರ್ಡ್ ಆಗುತ್ತದೆ. ಮೂರನೇ ಟೇಕ್ ಸರಿ ಹೋಯಿತು. ಆ ಹುಡುಗನಿಗೆ ನಾನು ಇವತ್ತಿಗೂ ಋಣಿ.

ಇನ್ನು ಅಗ್ರಿಮೆಂಟ್. ಇಲ್ಲಿ ನಾನು ಪೆಟ್ಟು ತಿಂದಿದ್ದೇನೆ, ಅದಕ್ಕೇ ಗಟ್ಟಿಯಾಗಿ ಹೇಳುತ್ತೇನೆ. ಒಂದು ಶೋಗೆ 11 ಎಪಿಸೋಡ್ ಬರೆದೆ. "ಹೆಸರು ಆಮೇಲೆ ನೋಡೋಣ" ಅಂದರು. ಪ್ರಸಾರವಾದ ದಿನ ಅಪ್ಪ ಹೋಟೆಲಿನ ಟೀವಿ ಮುಂದೆ ಎಲ್ಲರನ್ನೂ ಕೂರಿಸಿದ್ದರು. ಹೆಸರುಗಳು ಓಡಿದವು, ನನ್ನದು ಬರಲಿಲ್ಲ. ಅಪ್ಪ ಏನೂ ಕೇಳಲಿಲ್ಲ. ಮರುವಾರ ಮತ್ತೆ ಕೂರಿಸಿದ್ದರು. ಮತ್ತೂ ಬರಲಿಲ್ಲ. ನನ್ನ ಹತ್ತಿರ ತೋರಿಸೋಕೆ ಒಂದು ಕಾಗದ ಇರಲಿಲ್ಲ, ಎಲ್ಲ ಬಾಯಿಮಾತು.

ಆದ್ದರಿಂದ "ಮುಂದೆ ತೀರ್ಮಾನ" ಅಂತ ಇರುವ ಸಾಲನ್ನು ಒಪ್ಪಬೇಡಿ. ಸಹಾಯಕ ಅಂತಲಾದರೂ ಸರಿ, ಯಾವ ಹೆಸರಿನಲ್ಲಿ ಕ್ರೆಡಿಟ್ ಬರುತ್ತದೆ ಅಂತ ಬರೆಸಿ. ಪೂರ್ತಿ ಎಪಿಸೋಡ್ ನೀವೇ ಬರೆದರೆ ಏನು ಅಂತಲೂ ಬರೆಸಿ. "ರೂಮಿನಲ್ಲಿ ಹೇಳಿದ್ದೆಲ್ಲ ಸಂಸ್ಥೆಯದ್ದು" ಅನ್ನುವುದು ಮಾಮೂಲು, ಅದನ್ನು ತೆಗೆಸೋದು ಕಷ್ಟ. ಆದರೆ ನಿಮ್ಮ ಹಿಂದಿಯ 12 ನಿಮಿಷ, ಕನ್ನಡದ 20 ನಿಮಿಷ ನೀವು ಮೊದಲೇ ಮಾಡಿಟ್ಟ ಗಂಟು. ಅದರ ಪಟ್ಟಿ ಮಾಡಿ ಅಗ್ರಿಮೆಂಟಿನ ಹಿಂದೆ ಸೇರಿಸಿ, ಇದು ನನ್ನದು, ಇದಕ್ಕೆ ಈ ಸಾಲು ಅನ್ವಯಿಸುವುದಿಲ್ಲ ಅಂತ ಬರೆಸಿ. ಇಲ್ಲದಿದ್ದರೆ ನಾಳೆ ನಿಮ್ಮದೇ ಜೋಕನ್ನು ನೀವೇ ಸ್ಟೇಜಿನಲ್ಲಿ ಹೇಳೋಕೆ ಹೆದರಬೇಕಾಗುತ್ತದೆ.

ಇವತ್ತೇ ಎಲ್ಲವನ್ನೂ ಬರೆದಿಡಿ. ಬಾಯಲ್ಲಿ ಇರುವ ಸೆಟ್ (ಸ್ಟೇಜಿನಲ್ಲಿ ಹೇಳುವ ಜೋಕುಗಳ ಸರಣಿ) ಸಾಲದು. ಕಾನೂನು ಕಾಯುವುದು ಬರೆದ ರೂಪವನ್ನು, ಬರೀ ಐಡಿಯಾವನ್ನಲ್ಲ. ಅಂಧೇರಿಯಲ್ಲಿ ಚಿತ್ರಕತೆ ಬರೆಯುವವರ ಸಂಘ, ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ಇದೆ. ಸದಸ್ಯರಾದರೆ ಸ್ಕ್ರಿಪ್ಟನ್ನು ಆನ್‌ಲೈನಿನಲ್ಲೇ ರಿಜಿಸ್ಟರ್ ಮಾಡಬಹುದು, ಜಗಳ ಬಂದರೆ ಕೇಳುವ ಸಮಿತಿಯೂ ಅವರಲ್ಲಿದೆ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ, ಬರಹಗಾರನ ರಾಯಲ್ಟಿ ಹಕ್ಕನ್ನು ನಿರ್ಮಾಪಕರಿಗೆ ಬರೆದುಕೊಟ್ಟುಬಿಡುವ ಹಾಗಿಲ್ಲ. ಅಂಥ ಸಾಲು ಕಂಡರೆ ಸಹಿ ಹಾಕುವ ಮೊದಲು ಅಲ್ಲಿ ತೋರಿಸಿ.

ಸಾಯನ್ ಸರ್ಕಲ್ ಅಣ್ಣ ಹನ್ನೆರಡು ವರ್ಷ ಅಂದರು. ಪುಣೆಯವರು ಕೊಟ್ಟ ಲೆಕ್ಕ ಕೂಡಿಸಿದರೆ 2004ರಿಂದ 2015, ಹನ್ನೊಂದು. ಒಬ್ಬರು ತಾಳು ಅಂತಾರೆ, ಒಬ್ಬರು ಹೋಗು ಅಂತಾರೆ. ಆದರೆ ಇಬ್ಬರ ಕತೆಯಲ್ಲೂ ಸಮಯ ಅಷ್ಟೇ ಹಿಡಿದಿದೆ. ನೀವು ಕೇಳಬೇಕಾದ್ದು "ಬಿಡಲಾ, ಇರಲಾ" ಅಂತ ಅಲ್ಲ ಅನ್ನಿಸುತ್ತದೆ. ಹತ್ತು ವರ್ಷ ಸ್ಟೇಜೂ ಬಿಡದೆ, ಬರೆಯೋದೂ ಬಿಡದೆ ಹೇಗೆ ಇರಲಿ ಅಂತ ಕೇಳಿ. ಸ್ಟ್ಯಾಂಡಪ್‌ನ ವೀರ್ ದಾಸ್ 'ಡೆಲ್ಲಿ ಬೆಲ್ಲಿ', 'ಗೋ ಗೋವಾ ಗಾನ್' ಅಂತ ಸಿನಿಮಾಗಳಲ್ಲೂ ನಟಿಸಿದರು. ಆದರೂ 2023ರಲ್ಲಿ ಇಂಟರ್‌ನ್ಯಾಷನಲ್ ಎಮ್ಮಿ ಪ್ರಶಸ್ತಿ ಬಂದದ್ದು ಅವರ ಸ್ಟ್ಯಾಂಡಪ್ ಸ್ಪೆಷಲ್‌ಗೆ. ಸ್ಟೇಜ್ ಕೈಬಿಡಬೇಡಿ. ಸಂಜೆ ಏಳಕ್ಕೆ ರೂಮ್ ಮುಗಿಯುತ್ತದೆ, ಎಂಟೂವರೆಗೆ ಮೈಕ್ ಇರುತ್ತದೆ. ವರ್ಸೋವಾದಿಂದ ಖಾರ್ ಹತ್ತಿರವೇ.

ನನ್ನ ಅಭಿಪ್ರಾಯ ಕೇಳಿದರೆ, ಕ್ರೆಡಿಟ್ ಬರೆದುಕೊಟ್ಟರೆ ಹೋಗಿ. ಕೊಡದಿದ್ದರೆ ಹೋಗಬೇಡಿ, ಎಷ್ಟೇ ಆಸೆ ಇದ್ದರೂ.

---

ಠಾಣೆ_ಲೆಕ್ಕಿಗ

ಅಕ್ಕ ಹೇಳಿದ್ದಕ್ಕೆ ದುಡ್ಡಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ನನ್ನ ಹತ್ತಿರ ಬರುವವರಲ್ಲಿ ಈ ಕ್ಷೇತ್ರದವರು ನಾಲ್ಕೈದು ಜನ ಇದ್ದಾರೆ.

28,000 ಅಂದರೆ 28,000 ಕೈಗೆ ಬರಲ್ಲ. ವೃತ್ತಿ ಶುಲ್ಕ ಅಂತ ಕೊಡುತ್ತಾರೆ, 10% ಟಿಡಿಎಸ್ (ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದರೆ ಕೈಗೆ 25,200. ಹಿಡಿದದ್ದು ರಿಟರ್ನ್ ಹಾಕಿದಾಗ ವಾಪಸ್ ಬರಬಹುದು, ಆದರೆ ತಿಂಗಳ ಖರ್ಚಿಗೆ ಅದು ಇರಲ್ಲ. ಕಂತು ಕಟ್ಟಿದರೆ ಉಳಿಯೋದು 8,200. ಪಿಎಫ್ ಇಲ್ಲ, ಕಂಪನಿಯ ಮೆಡಿಕಲ್ ವಿಮೆ ಇಲ್ಲ. ಅಪ್ಪ ಅಮ್ಮ ಆ ವಿಮೆಯಲ್ಲಿದ್ದರೆ ರಾಜೀನಾಮೆಗೆ ಮೊದಲೇ ಬೇರೆ ಪಾಲಿಸಿ ಮಾಡಿಸಿ. ಇದನ್ನು ಮರೆತು ಕಷ್ಟಕ್ಕೆ ಸಿಕ್ಕವರನ್ನು ನೋಡಿದ್ದೇನೆ.

ಬಿಲ್ ಕಳಿಸಿದ ಮೇಲೆ ದುಡ್ಡು ಎರಡು ಮೂರು ತಿಂಗಳು ತಡ ಆಗುವುದು ಈ ಕ್ಷೇತ್ರದಲ್ಲಿ ಸಾಮಾನ್ಯ. ಎಷ್ಟು ದಿನದಲ್ಲಿ ಕೊಡುತ್ತಾರೆ ಅಂತ ಅದನ್ನೂ ಬರೆಸಿ. ನಟನೆಗೆ ಬೇರೆ ದುಡ್ಡು ಕೇಳಿದ್ದೀರಾ? ನಾಲ್ಕು ಸೀನ್ ಇದರಲ್ಲೇ ಸೇರಿದೆ ಅಂದರೆ ಒಪ್ಪಬೇಡಿ, ಅದು ಬೇರೆ ಕೆಲಸ. ಕಡಿಮೆ ಅಂದರೂ ಎಂಟು ತಿಂಗಳ ಕಂತು ಕೈಯಲ್ಲಿ ಇರಬೇಕು ಅನ್ನೋದು ನನ್ನ ಲೆಕ್ಕ.

---

ಡೊಂಬಿವಲಿ_ಲೋಕಲ್

ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ಆಫೀಸಿಗೆ ಹೋಗುವಾಗ ಠಾಣೆ ಪ್ಲಾಟ್‌ಫಾರಂ ಮೇಲೆ ನಿಂತು ಎರಡು ಸಲ ಓದಿದೆ.

ಸಾಯನ್ ಅಂಕಲ್, ಸ್ಟೇಜಿನಿಂದ ತಿಂಗಳಿಗೆ ಮೂರು ನಾಲ್ಕು ಸಾವಿರ ಬರುತ್ತದೆ, ಗಣಪತಿ ಸೀಸನ್‌ನಲ್ಲಿ ಹನ್ನೆರಡರವರೆಗೆ. ಕಂತಿಗೆ ಸಾಲದು. ಉಳಿತಾಯ ಲೆಕ್ಕ ಹಾಕಿದೆ, ಆರು ತಿಂಗಳ ಕಂತು ಆಗುತ್ತದೆ.

ಅವರಿಗೆ ಮೇಲ್ ಮಾಡಿದೆ. ನಟನೆಗೆ ದಿನಕ್ಕೆ ಇಷ್ಟು ಅಂತ ಬೇರೆ ಕೊಡಲು ಒಪ್ಪಿದ್ದಾರೆ. ನನ್ನ ಹಳೇ ಸೆಟ್‌ಗಳ ಪಟ್ಟಿ ಸೇರಿಸೋಕೂ ಸರಿ ಅಂದರು. ಕ್ರೆಡಿಟ್ ಬಗ್ಗೆ "ಕೇಳಿ ಹೇಳುತ್ತೇವೆ" ಅಂದಿದ್ದಾರೆ. ಅದು ಬರುವ ತನಕ ರಾಜೀನಾಮೆ ಕೊಡುವುದಿಲ್ಲ. ಅಮ್ಮನಿಗೂ ಹಾಗೇ ಹೇಳಿದೆ.

ಅಕ್ಕ, ನಿಮ್ಮ ಬಿಲ್ಲಿನ ಸೀನ್ ಓದಿ ನಾನೂ ಒಂದು ಪ್ರಯತ್ನ ಮಾಡಿದೆ. ಸ್ಟೇಜಿನಲ್ಲಿ ನಾನು ಹೇಳುವುದು ಇಷ್ಟು: "ನಮ್ಮಮ್ಮ ನನ್ನ ಜೋಕಿಗೆ ಯಾವತ್ತೂ ನಗಲ್ಲ. ಆದರೆ ರಾತ್ರಿ ಎಷ್ಟೊತ್ತಿಗೆ ಬಂದರೂ ಗಂಜಿ ಬಿಸಿ ಇರುತ್ತೆ. ಹೇಗೆ ಅಂತ ಇವತ್ತಿಗೂ ಗೊತ್ತಿಲ್ಲ." ಅದನ್ನು ಸೀನ್ ಮಾಡಿದೆ:

ರಾತ್ರಿ ಒಂದೂವರೆ. ಬೀಗದ ಸದ್ದು. ಹಾಲ್‌ನಲ್ಲಿ ಅಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಳೆ. ಮಗ ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಿಲ್ಲದೆ ಅಡುಗೆಮನೆಗೆ ಹೋಗುತ್ತಾನೆ. ಪಾತ್ರೆಯ ಮುಚ್ಚಳ ತೆಗೆಯಲು ಹೋಗಿ ಬೆರಳು ಸುಟ್ಟುಕೊಳ್ಳುತ್ತಾನೆ. ಸ್ಟೀಲ್ ಬಟ್ಟಲಿಗೆ ಗಂಜಿ, ಪಕ್ಕದಲ್ಲಿ ಉಪ್ಪಿನಕಾಯಿ. ನಿಂತೇ ಉಣ್ಣುತ್ತಾನೆ. ಕತ್ತಲಿನಿಂದ ಅಮ್ಮನ ದನಿ: "ಇವತ್ತ್ ಎಷ್ಟ್ ಜನ ಇದ್ದಿರ್?" ಮಗ: "ಹನ್ನೊಂದ್." ಸ್ವಲ್ಪ ಹೊತ್ತು ಮೌನ. ಮಗ: "ಅಮ್ಮ, ನಿಂಗೆ ನನ್ನ ಮೇಲೆ ನಂಬ್ಕಿ ಇತ್ತ್ ಅಲ್ದಾ?"

ಸರಿ ಇದೆಯಾ?

---

ಮಾಟುಂಗಾ_ಅಕ್ಕ

ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಕೊನೆಯ ಸಾಲು ತೆಗೆಯಿರಿ. ಬೆರಳು ಸುಟ್ಟಿದೆಯಲ್ಲ, ಸಾಕು. "ಹನ್ನೊಂದ್" ಆದ ಮೇಲೆ ಅಮ್ಮ ಮಗ್ಗುಲು ಬದಲಿಸಲಿ. ಅವನು ಬಟ್ಟಲು ತೊಳೆಯಲಿ.

ಮತ್ತೆ ಇದನ್ನು ಇವತ್ತೇ ಟೈಪ್ ಮಾಡಿ, ತಾರೀಕು ಹಾಕಿ, ನಿಮ್ಮ ಪಟ್ಟಿಗೆ ಸೇರಿಸಿ. ರೂಮಿಗೆ ಹೋಗುವ ಮೊದಲು.